ಕೊಟ್ಟವರು ಯಾರು, ಮಾಡಿಸಿದ್ದೇನು: ಸಾಫ್ಟ್‌ವೇರ್ ಪ್ರಮಾಣಪತ್ರಗಳ ದಾರಿ

ಬೆಂಗಳೂರಿನ ಬಿಟಿಎಂ ಲೇಔಟ್‌ನಲ್ಲೋ ಮಾರತ್ತಹಳ್ಳಿಯಲ್ಲೋ ನಿಂತು ತಲೆಯೆತ್ತಿದರೆ ಸಾಫ್ಟ್‌ವೇರ್ ತರಬೇತಿ ಕೇಂದ್ರಗಳ ಬೋರ್ಡುಗಳು ಸಾಲಾಗಿ ಕಾಣುತ್ತವೆ. ಹಾಸನದಿಂದಲೋ ಹಾವೇರಿಯಿಂದಲೋ ಬಿ.ಇ. ಮುಗಿಸಿ ಬಂದು ಪಿ.ಜಿ.ಯಲ್ಲಿ ಇಳಿದುಕೊಂಡವರು ಕೇಳುವುದು ಒಂದೇ: ಜಾವಾ ಸರ್ಟಿಫಿಕೇಷನ್ ಮಾಡಲೋ, ಎಡಬ್ಲ್ಯುಎಸ್ ಮಾಡಲೋ, ಅಜೂರ್ ಮಾಡಲೋ? ಕಟ್ಟುವ ದುಡ್ಡು ಅಪ್ಪ-ಅಮ್ಮನದು. ಹಾಗಾಗಿ ಈ ಪ್ರಶ್ನೆಯನ್ನು ಹಗುರವಾಗಿ ಕಾಣಲು ನನಗೆ ಮನಸ್ಸು ಬಾರದು. ಈ ಪತ್ರಗಳು ಯಾರಿಂದ, ಯಾತಕ್ಕಾಗಿ ಹುಟ್ಟಿದವು ಎಂದು ತಿಳಿದರೆ ಆಯ್ಕೆ ಎಷ್ಟೋ ಸಲೀಸಾಗುತ್ತದೆ.

ಮೊದಲು ಹೊರಟದ್ದು ವೃತ್ತಿಯವರೇ. ಅಮೆರಿಕದಲ್ಲಿ ದತ್ತಾಂಶ ಸಂಸ್ಕರಣೆಯ ವ್ಯವಸ್ಥಾಪಕರ ಸಂಘವೊಂದು 1962ರಲ್ಲಿ ಸಿಡಿಪಿ ಪರೀಕ್ಷೆ ಆರಂಭಿಸಿತು. ಯಾವ ಕಂಪನಿಯ ಯಂತ್ರಕ್ಕೂ ಕಟ್ಟುಬೀಳದೆ, ಈ ಕೆಲಸವೇ ಒಂದು ವೃತ್ತಿ ಎಂದು ತೋರಿಸುವುದು ಅವರ ಆಸೆ. ಅದೇ ಆಸೆಯಿಂದ ಐಇಇಇ ಕಂಪ್ಯೂಟರ್ ಸೊಸೈಟಿ 2002ರಲ್ಲಿ ಸಿಎಸ್‌ಡಿಪಿ ಎಂಬ ಪ್ರಮಾಣಪತ್ರ ತಂದಿತು. ಟೆಕ್ಸಾಸ್ ರಾಜ್ಯ 1998ರಲ್ಲೇ ಸಾಫ್ಟ್‌ವೇರ್ ಎಂಜಿನಿಯರಿಂಗನ್ನು ಪರವಾನಗಿ ಬೇಕಾದ ವೃತ್ತಿಗಳಲ್ಲಿ ಸೇರಿಸಿತ್ತು. ಕಂಪ್ಯೂಟರ್ ವಿಜ್ಞಾನಿಗಳ ಸಂಘ ಎಸಿಎಂ ಮಾತ್ರ ಪರವಾನಗಿಗೆ ಇನ್ನೂ ಕಾಲ ಕೂಡಿಬಂದಿಲ್ಲವೆಂದು ಆ ಪ್ರಯತ್ನದಿಂದ ಹಿಂದೆ ಸರಿಯಿತು. 2013ರಲ್ಲಿ ಅಮೆರಿಕದಲ್ಲಿ ಪರವಾನಗಿಯ ಪರೀಕ್ಷೆಯೂ ಶುರುವಾಯಿತು. 2019ರಲ್ಲಿ ನಿಲ್ಲಿಸುವ ಹೊತ್ತಿಗೆ ಅದನ್ನು ಬರೆದಿದ್ದವರು 81 ಜನ. ಸಿಎಸ್‌ಡಿಪಿಯೂ ಉಳಿಯಲಿಲ್ಲ. ಕೆಲಸ ಕೊಡುವವರು ಆ ಪತ್ರವನ್ನು ಕೇಳಲೇ ಇಲ್ಲ, ಅಷ್ಟೇ. ಜನರ ಜೀವ ನಿಂತಿರುವ ಸಾಫ್ಟ್‌ವೇರನ್ನು ಬರೆಯುವವರಿಗೆ ವೈದ್ಯರಿಗಿರುವಂಥ ಹೊಣೆಪತ್ರ ಇಲ್ಲದಿರುವುದು ಈ ಕ್ಷೇತ್ರದ ದೊಡ್ಡ ಕೊರತೆಯೆಂದೇ ನಾನು ನಂಬಿದ್ದೇನೆ.

ಆ ಜಾಗವನ್ನು ತುಂಬಿದವು ಸಾಫ್ಟ್‌ವೇರ್ ಮಾರುವ ಕಂಪನಿಗಳು. ನೊವೆಲ್ ಕಂಪನಿ ಹಾಕಿದ ದಾರಿಯಲ್ಲಿ ಮೈಕ್ರೊಸಾಫ್ಟ್ 1992ರಲ್ಲಿ ತನ್ನ ಪರೀಕ್ಷೆಗಳನ್ನು ಆರಂಭಿಸಿತು. ತಮ್ಮ ಸರಕನ್ನು ಬಲ್ಲವರು ಊರೂರಲ್ಲಿ ಇದ್ದರೆ ಸರಕು ಮಾರಾಟವಾಗುತ್ತದೆ. ಇದು ಅವರ ಲೆಕ್ಕ. ಪರೀಕ್ಷೆ ಬಹು ಆಯ್ಕೆಯದಾಗಿದ್ದರಿಂದ ಬಾಯಿಪಾಠವೂ ಬೆಳೆಯಿತು. ಮೈಕ್ರೊಸಾಫ್ಟ್‌ನ ಎಂಸಿಎಸ್‌ಇ ಪತ್ರವಿದ್ದೂ ಕೆಲಸ ಬಾರದವರಿಗೆ ‘ಪೇಪರ್ ಎಂಸಿಎಸ್‌ಇ’ ಎಂಬ ಹೆಸರು ಬಿತ್ತು. ನಮ್ಮ ಹುಡುಗರು ಇಂದಿಗೂ ‘ಡಂಪ್ಸ್’ ಎನ್ನುವುದು ಆ ಬಾಯಿಪಾಠದ ಸಾಮಗ್ರಿಯನ್ನೇ.

ಈ ಚರಿತ್ರೆಯಲ್ಲಿ ನನಗೆ ಅತಿ ಹೆಚ್ಚು ಪಾಠ ಹೇಳುವುದು ಸನ್ ಕಂಪನಿಯ ಜಾವಾ ಪತ್ರಗಳು. ಎರಡು ಮೆಟ್ಟಿಲಿದ್ದವು. ಎಸ್‌ಸಿಜೆಪಿಯಲ್ಲಿ ಹತ್ತು ಸಾಲಿನ ಕೋಡ್ ಕೊಟ್ಟು, ಇದು ಕಂಪೈಲ್ ಆಗುತ್ತದೆಯೇ, ಏನು ಮುದ್ರಿಸುತ್ತದೆ ಎಂದು ಕೇಳುತ್ತಿದ್ದರು. ಭಾಷೆಯ ಮೂಲೆಮೂಲೆ ತಿಳಿಯಲು ಅದು ಒಳ್ಳೆಯ ಅಭ್ಯಾಸ. ಎರಡನೆಯ ಮೆಟ್ಟಿಲು ಎಸ್‌ಸಿಜೆಡಿ. ಅದರಲ್ಲಿ ಅಭ್ಯರ್ಥಿಯ ಕೈಗೆ ಒಂದು ಪ್ರಾಜೆಕ್ಟ್ ಬರುತ್ತಿತ್ತು. ಮನೆಯಲ್ಲಿ ಕೂತು ಪೂರ್ತಿ ಅಪ್ಲಿಕೇಶನ್ ಕಟ್ಟಿ ಕಳಿಸಬೇಕು. ಆಮೇಲೆ ಪರೀಕ್ಷಾ ಕೇಂದ್ರಕ್ಕೆ ಹೋಗಿ, ಹೀಗೇಕೆ ಕಟ್ಟಿದೆ ಎಂಬುದಕ್ಕೆ ಪ್ರಬಂಧದ ರೂಪದಲ್ಲಿ ಉತ್ತರ ಬರೆಯಬೇಕು. ಡೆವಲಪರ್‌ನ ನಿಜವಾದ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಪರೀಕ್ಷೆಯನ್ನು ನಾನು ಕಾಣೆ. ಆದರೆ ನಮ್ಮಲ್ಲಿ ರೆಸ್ಯೂಮೆಗಳಲ್ಲಿ ತುಂಬಿದ್ದು ಮೊದಲನೆಯದು. 2010ರಲ್ಲಿ ಸನ್ ಆರಕಲ್‌ನ ಕೈಸೇರಿತು, ಹೆಸರುಗಳು ಬದಲಾದವು. ಪ್ರಾಜೆಕ್ಟ್ ಕಟ್ಟಿಸುವ ಪರೀಕ್ಷೆ ಕೆಲವು ವರ್ಷಗಳಲ್ಲಿ ಮರೆಯಾಯಿತು.

ಭಾರತ ಸರ್ಕಾರವೂ ಸುಮ್ಮನಿರಲಿಲ್ಲ. 1981ರಲ್ಲಿ ಎನ್‌ಐಐಟಿ, 1986ರಲ್ಲಿ ಆಪ್ಟೆಕ್ ಬಂದು ಖಾಸಗಿ ತರಗತಿಗಳು ಹಬ್ಬಿದ ಕಾಲಕ್ಕೆ, ಅವುಗಳ ಮಟ್ಟ ಅಳೆಯಲು ಡೊಯಾಕ್ ಯೋಜನೆ ರೂಪುಗೊಂಡಿತು. ಓ, ಎ, ಬಿ, ಸಿ ಎಂಬ ಮಟ್ಟಗಳು. ಇಂದಿನ ನೀಲಿಟ್ ಅದೇ. ಓ ಮಟ್ಟದ ಪತ್ರಕ್ಕೆ ಹಲವು ಸರ್ಕಾರಿ ಹುದ್ದೆಗಳಲ್ಲಿ ಬೆಲೆಯಿದೆ.

ಮೋಡ ಕವಿದಂತೆ ಕ್ಲೌಡ್ ಬಂದ ಮೇಲೆ ಎಲ್ಲ ತಿರುಗಿತು. ಎಡಬ್ಲ್ಯುಎಸ್ 2013ರಲ್ಲಿ ಪರೀಕ್ಷೆ ಶುರುಮಾಡಿತು. ಮೈಕ್ರೊಸಾಫ್ಟ್ 2018ರಿಂದ ಹುದ್ದೆಯ ಹೆಸರಿನಲ್ಲಿ ಪತ್ರ ಕೊಡತೊಡಗಿ, ಹಳೆಯ ಡೆವಲಪರ್ ಪತ್ರ ಎಂಸಿಎಸ್‌ಡಿಯನ್ನು 2021ರ ಜನವರಿಗೆ ಮುಗಿಸಿತು. ಪತ್ರಕ್ಕೆ ಆಯುಸ್ಸೂ ಬಂತು. ಎಡಬ್ಲ್ಯುಎಸ್‌ನದು ಮೂರು ವರ್ಷ. ಅಜೂರ್‌ನ ಹುದ್ದೆವಾರು ಪತ್ರಗಳದು ಒಂದೇ ವರ್ಷ, ಆದರೆ ನವೀಕರಣ ಆನ್‌ಲೈನ್‌ನಲ್ಲಿ ಉಚಿತ. ಬೆಂಗಳೂರಿನ ಸರ್ವಿಸ್ ಕಂಪನಿಗಳು ಉದ್ಯೋಗಿಗಳ ಫೀಸನ್ನು ತಾವೇ ಕಟ್ಟುವುದಕ್ಕೆ ಕಾರಣವೂ ಇಲ್ಲಿದೆ: ಈ ಕ್ಲೌಡ್ ಕಂಪನಿಗಳ ಪಾರ್ಟ್ನರ್ ಎನಿಸಿಕೊಳ್ಳಲು ಪ್ರಮಾಣಪತ್ರ ಪಡೆದ ಇಂತಿಷ್ಟು ಜನ ಇರಬೇಕು. ಪ್ರಾಡಕ್ಟ್ ಕಂಪನಿಗಳಿಗೆ ಆ ಹಂಗಿಲ್ಲ. ಅಲ್ಲಿ ಕೋಡ್ ಬರೆಸಿ ನೋಡುತ್ತಾರೆ.

ಇದರ ಜೊತೆಗೇ ಕೈಯಾರೆ ಮಾಡಿಸುವ ಪರೀಕ್ಷೆಗಳು ಮರಳಿ ಬಂದಿರುವುದು ಸಂತೋಷದ ಸಂಗತಿ. ರೆಡ್ ಹ್ಯಾಟ್ 1990ರ ದಶಕದ ಕೊನೆಯಲ್ಲೇ ಹಾಗೆ ಮಾಡಿತ್ತು. 2018ರಲ್ಲಿ ಬಂದ ಕುಬರ್ನೆಟಿಸ್ ಡೆವಲಪರ್ ಪರೀಕ್ಷೆ ಸಿಕೆಎಡಿಯಲ್ಲಿ ಎರಡು ಗಂಟೆ ಟರ್ಮಿನಲ್ ಮುಂದೆ ಕೂತು ಕೆಲಸ ಮಾಡಿ ತೋರಿಸಬೇಕು. ದಾಖಲೆ ಪುಟಗಳನ್ನು ತೆರೆದು ನೋಡಲು ಬಿಡುತ್ತಾರೆ, ಆಫೀಸಿನಲ್ಲಿ ನೋಡುವಂತೆಯೇ. ಡಂಪ್ಸ್ ಇಲ್ಲಿ ಹೆಚ್ಚು ದೂರ ಕೊಂಡೊಯ್ಯಲಾರವು.

ಮೊದಲ ಕೆಲಸ ಹುಡುಕುವವರಿಗೆ ನಾನು ಹೇಳುವುದಿಷ್ಟು. ಸರ್ವಿಸ್ ಕಂಪನಿಯ ಕಡೆ ಮುಖವಿದ್ದರೆ ಒಂದು ಕ್ಲೌಡ್ ಪತ್ರ ಸಾಕು, ಮೂರು ಬೇಡ. ಕೆಲಸ ಸಿಕ್ಕ ಮೇಲೆ ಎರಡನೆಯದರ ಫೀಸನ್ನು ಕಂಪನಿಯೇ ಕಟ್ಟಬಹುದು. ಪ್ರಾಡಕ್ಟ್ ಕಂಪನಿ ಬೇಕಿದ್ದವರು ಪರೀಕ್ಷೆಯ ತಯಾರಿಗೆ ಹೋಗುವ ಸಮಯವನ್ನು ಒಂದು ಪ್ರಾಜೆಕ್ಟ್ ಕಟ್ಟಲು ಕೊಡಲಿ, ಹೀಗೇಕೆ ಕಟ್ಟಿದೆ ಎಂದು ಎಸ್‌ಸಿಜೆಡಿಯವರಂತೆ ಬರೆದೂ ಇಡಲಿ. ಎಡಬ್ಲ್ಯುಎಸ್ ಅಸೋಸಿಯೇಟ್ ಪರೀಕ್ಷೆಯ ಫೀಸು 150 ಡಾಲರ್, ಕೋಚಿಂಗ್ ಬೇರೆ. ಆದರೆ ಅದರ ವಿಷಯಪಟ್ಟಿ ಕಂಪನಿಯ ತಾಣದಲ್ಲೇ ಬಿಟ್ಟಿ ಸಿಗುತ್ತದೆ. ಬೋರ್ಡಿನ ಕೆಳಗೆ ದುಡ್ಡು ಎಣಿಸುವ ಮೊದಲು ಅದನ್ನು ಇಳಿಸಿಕೊಂಡು, ಒಂದು ಭಾನುವಾರ ಪೂರ್ತಿ ಓದಿ.