ಫಲಕದ ಕಾಫಿಯೂ ಲೋಟದ ಕಾಫಿಯೂ

ಸಕಲೇಶಪುರವನ್ನು ಬಿಟ್ಟು ಮಂಗಳೂರಿನ ಕಡೆಗೆ ಹೊರಟ ಹೆದ್ದಾರಿಯು ದೋಣಿಗಲ್ಲಿನ ಬಳಿ ಮಂಜ್ರಾಬಾದು ಕೋಟೆಯ ಗುಡ್ಡವನ್ನು ಬಳಸಿಕೊಂಡು ಶಿರಾಡಿ ಘಾಟಿಯ ಇಳಿಜಾರಿಗೆ ಮುಖಮಾಡುವುದು. ಟಿಪ್ಪೂ ಸುಲ್ತಾನನು 1792ರಲ್ಲಿ ಕಟ್ಟಿ ಮುಗಿಸಿದ ಎಂಟು ಮೂಲೆಗಳ ಆ ನಕ್ಷತ್ರಾಕಾರದ ಕೋಟೆಗೆ ಇಲ್ಲಿಯ ಮಂಜೇ ಹೆಸರನ್ನು ಕೊಟ್ಟಿತೆಂದು ಜನರ ಹೇಳಿಕೆ. ಸಕಲೇಶಪುರದ ತಾಲ್ಲೂಕಿಗೇ ಬಹುಕಾಲ ಮಂಜ್ರಾಬಾದು ಎಂಬ ಹೆಸರಿದ್ದಿತು. ಮುಂಜಾನೆ ಈ ದಾರಿಯನ್ನು ಹಿಡಿದ ಪಯಣಿಗನಿಗೆ ಆ ಹೆಸರಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾದುದಿಲ್ಲ. ಮೈಯೆಲ್ಲ ತಣ್ಣಗಾಗಿರುವಾಗ ಅವನಿಗೆ ಮೊದಲು ನೆನಪಾಗುವುದು ಒಂದು ಲೋಟ ಬಿಸಿ ಕಾಫಿ. ದಾರಿಯ ಎರಡು ಮಗ್ಗುಲಿನಲ್ಲಿಯೂ ಮರಗಳ ನೆರಳಿನಲ್ಲಿ ಕಾಫಿಯ ಗಿಡ, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಹೋಟೆಲುಗಳ ಫಲಕಗಳ ಮೇಲೂ ಕಾಫಿಯದೇ ಹೆಸರು. ಗಿಡವೇ ಎದುರಿಗಿರುವಾಗ ಲೋಟದೊಳಗಿನದು ಬೇರೆ ಊರಿನದಕ್ಕಿಂತ ಮೇಲಾಗಿರಬೇಕೆಂದು ಅವನು ಎಣಿಸಿದರೆ ಅದರಲ್ಲಿ ತಪ್ಪೇನಿದೆ?

ಅನೇಕ ವೇಳೆ ಲೋಟವು ಕೈಗೆ ಬಂದಾಗ ಈ ಎಣಿಕೆಯು ಸುಳ್ಳಾಗುವುದು. ಬಣ್ಣವೇನೋ ಕಡುಗಪ್ಪು, ಪಾಕವೂ ಮಂದ. ಆದರೆ ಪರಿಮಳವು ಮೂಗಿಗೆ ಹತ್ತುವುದಿಲ್ಲ. ಬಾಯಲ್ಲಿ ಉಳಿಯುವುದು ಸುಟ್ಟ ಬೆಲ್ಲದಂತಹ ಒಂದು ಕಹಿ. ‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ’ ಎಂಬ ಗಾದೆಯನ್ನು ಹೇಳಿ ಹೋಟೆಲಿನವನನ್ನು ಬೈದು ಮುಂದೆ ಹೋಗುವುದು ಸುಲಭ. ಆದರೆ ಈ ಕೊರತೆಯು ಯಾವನೋ ಒಬ್ಬ ಹೋಟೆಲಿನವನ ಕೈಬಿಗಿತದಿಂದ ಹುಟ್ಟಿದುದಲ್ಲ. ಅದಕ್ಕೆ ಇನ್ನೂರು ವರ್ಷಗಳಿಗೆ ಮೀರಿದ ಒಂದು ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ದೊರೆಗಳೂ ಮಂತ್ರಿಗಳೂ ವೈದ್ಯರೂ ಪಾಲುಗೊಂಡಿರುವರು. ಮಂಜ್ರಾಬಾದಿನ ಬೆಳೆಗಾರನೂ, ತನಗೆ ತಿಳಿಯದೆಯೇ, ಅದರಲ್ಲಿ ಸಿಕ್ಕಿಕೊಂಡಿರುವನು.

ಬಾಬಾಬುಡನರು ಅರಬರ ನಾಡಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು. ಮಂಜ್ರಾಬಾದಿನಲ್ಲಿ ಯೂರೋಪಿನವರು ದೊಡ್ಡ ತೋಟಗಳನ್ನು ಮಾಡತೊಡಗಿದುದು ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ. ಅವರಲ್ಲಿ ಒಬ್ಬನಾದ ರಾಬರ್ಟ್ ಎಲಿಯಟ್ ಎಂಬಾತನು 1871ರಲ್ಲಿ ತನ್ನ ಅನುಭವಗಳನ್ನು ಗ್ರಂಥರೂಪವಾಗಿ ಪ್ರಕಟಿಸಿದನು. ಬಿಳಿ ಕಾಂಡಕೊರಕದ ಹಾವಳಿ, ಎಲೆಗೆ ಬರುವ ತುಕ್ಕುರೋಗ, ಮಳೆಯ ಚೆಲ್ಲಾಟ, ಇವುಗಳನ್ನೆಲ್ಲ ಗೆದ್ದು ಬೆಳೆದ ಬೀಜವು ಘಾಟಿಯನ್ನಿಳಿದು ಮಂಗಳೂರಿಗೂ ಅಲ್ಲಿಂದ ಹಡಗಿನಲ್ಲಿ ಲಂಡನ್ನಿಗೂ ಹೋಗುತ್ತಿದ್ದಿತು. ಲಂಡನ್ನಿನಲ್ಲಿ ಅದನ್ನು ಕಾದಿದ್ದುದು ಒಂದು ಬೇರು.

ಆ ಬೇರೇ ಚಿಕೋರಿ. ನೀಲಿ ಹೂವಿನ ಒಂದು ಗಿಡದ ಬೇರನ್ನು ಕೊಯ್ದು ಒಣಗಿಸಿ ಹುರಿದು ಪುಡಿಮಾಡಿದರೆ ಅದು ಬಣ್ಣದಲ್ಲಿ ಕಾಫಿಪುಡಿಯ ತಮ್ಮನಂತೆ ಕಾಣುವುದು. ಅದರಲ್ಲಿ ಕಾಫಿಯ ಸಾರವಾದ ಕೆಫೀನು ಎಳ್ಳಷ್ಟೂ ಇಲ್ಲ. ಪ್ರಷ್ಯದ ದೊರೆ ಫ್ರೆಡರಿಕ್‌ನು ತನ್ನ ನಾಡಿನ ಹಣವೆಲ್ಲ ಪರದೇಶದ ಕಾಫಿಗೆ ಹೋಗುವುದೆಂದು ಕನಲಿ 1777ರಲ್ಲಿ ಅದರ ವಿರುದ್ಧ ಆಜ್ಞೆಯನ್ನು ಹೊರಡಿಸಿದನು. ಹುರಿದ ಬೇರಿಗೆ ಆ ಸೀಮೆಯಲ್ಲಿ ಮಾನ ಬಂದುದು ಆ ಕಾಲದಲ್ಲಿಯೇ. 1806ರಲ್ಲಿ ನೆಪೋಲಿಯನ್ನನು ಇಂಗ್ಲೆಂಡಿನ ವ್ಯಾಪಾರಕ್ಕೆ ಯೂರೋಪಿನ ರೇವುಗಳನ್ನು ಮುಚ್ಚಿಸಲು ಫ್ರಾನ್ಸಿನವರೂ ಚಿಕೋರಿಯನ್ನು ಹಿಡಿದರು. ಯುದ್ಧವು ಮುಗಿದು ರೇವುಗಳು ತೆರೆದರೂ ಅಭ್ಯಾಸವು ಬಿಡಲಿಲ್ಲ. ಇಲ್ಲದ ಕಾಲದಲ್ಲಿ ಬಂದ ಅತಿಥಿಯು ಇದ್ದ ಕಾಲದಲ್ಲಿಯೂ ಮನೆಯಲ್ಲಿಯೇ ಉಳಿದಂತಾಯಿತು.

ಇಂಗ್ಲೆಂಡಿನಲ್ಲಿ ನಡೆದ ಕಥೆಯು ಇನ್ನೂ ಸ್ವಾರಸ್ಯವಾದುದು. 1840ರಲ್ಲಿ ಅಲ್ಲಿಯ ಬೊಕ್ಕಸದ ಅಧಿಕಾರಿಗಳು ಕಾಫಿಗೆ ಚಿಕೋರಿಯನ್ನು ಬೆರಸಿ ಮಾರಲು ಅನುಮತಿಯನ್ನು ಕೊಟ್ಟರು. ಅಂಗಡಿಯವರು ಬೆರಸಿದರು, ಆದರೆ ಬೆರಸಿದೆವೆಂದು ಹೇಳಲಿಲ್ಲ. ತೋಟಗಾರರು ದೂರಿದಾಗ ಹಣಕಾಸಿನ ಮಂತ್ರಿಯಾದ ಸರ್ ಚಾರ್ಲ್ಸ್ ವುಡ್‌ನು, ರಸಾಯನಶಾಸ್ತ್ರದಿಂದಾಗಲಿ ಬೇರಾವ ಉಪಾಯದಿಂದಾಗಲಿ ಈ ಬೆರಕೆಯನ್ನು ಕಂಡುಹಿಡಿಯಲಾಗದೆಂದು ವಿದ್ವಾಂಸರ ಮಾತನ್ನು ಆಧಾರವಾಗಿಟ್ಟುಕೊಂಡು ಉತ್ತರವಿತ್ತನು. ಆರ್ಥರ್ ಹಿಲ್ ಹ್ಯಾಸಲ್ ಎಂಬ ವೈದ್ಯನಿಗೆ ಈ ಉತ್ತರವು ಒಪ್ಪಿಗೆಯಾಗಲಿಲ್ಲ. ಆತನು ಅಂಗಡಿಗಳಿಂದ ಕಾಫಿಪುಡಿಯನ್ನು ಕೊಂಡು ತಂದು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟನು. ಕಾಫಿಬೀಜದ ಕಣಗಳ ಆಕಾರವೇ ಬೇರೆ, ಬೇರಿನ ನಾಳಗಳ ಆಕಾರವೇ ಬೇರೆ. 34 ಮಾದರಿಗಳಲ್ಲಿ ಚಿಕೋರಿಯಿಲ್ಲದವು ಮೂರೇ ಮೂರು. 1851ರಿಂದ ‘ಲ್ಯಾನ್ಸೆಟ್’ ಪತ್ರಿಕೆಯು ಇಂತಹ ಪರೀಕ್ಷೆಗಳನ್ನು ಅಂಗಡಿಯವರ ಹೆಸರು ವಿಳಾಸಗಳೊಡನೆ ಅಚ್ಚುಮಾಡಿತು. ಕೊಳ್ಳುವವನ ಪರವಾಗಿ ವಿಜ್ಞಾನವು ಮಾಡಿದ ಮೊದಮೊದಲಿನ ಕೆಲಸಗಳಲ್ಲಿ ಇದೂ ಒಂದೆಂದು ಎಣಿಸಬೇಕು. ಸರಕಾರವು 1852ರಲ್ಲಿ ಅನುಮತಿಯನ್ನು ಹಿಂತೆಗೆದುಕೊಂಡು, 1853ರಲ್ಲಿ ಮತ್ತೆ ಕೊಟ್ಟಿತು. ಆದರೆ ಈ ಸಲ ಪೊಟ್ಟಣದ ಮೇಲೆ ಅದು ಚಿಕೋರಿ ಕಾಫಿಗಳ ಮಿಶ್ರಣವೆಂದು ಅಚ್ಚಾಗಿರಬೇಕೆಂಬ ಕಟ್ಟಳೆಯನ್ನು ಸೇರಿಸಿತು.

ಬೆರಸಬಹುದು, ಆದರೆ ಹೇಳಿ ಬೆರಸಬೇಕು: ಈ ಒಂದು ಸೂತ್ರವು ಅಂದು ಲಂಡನ್ನಿನಲ್ಲಿ ನಿಂತುದು ಇಂದಿನವರೆಗೂ ಭಾರತದ ಕಾನೂನಿನಲ್ಲಿ ನಡೆದುಬಂದಿದೆ. ಸೂತ್ರವು ನ್ಯಾಯವಾದುದೇ. ಆದರೆ ಅದು ಪೊಟ್ಟಣವನ್ನು ಕುರಿತು ಹುಟ್ಟಿದುದು, ಲೋಟವನ್ನು ಕುರಿತಲ್ಲ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ದಕ್ಷಿಣದೇಶದ ಜನರು ಕಾಫಿಯನ್ನು ಮನೆಯ ಪಾನೀಯವನ್ನಾಗಿ ಮಾಡಿಕೊಂಡುದು ಬಹಳ ಹಿಂದಿನ ಮಾತಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಊರೂರಿನಲ್ಲಿ ಎದ್ದ ‘ಕಾಫಿ ಕ್ಲಬ್ಬು’ಗಳು ಅದನ್ನು ಬೀದಿಗೆ ತಂದವು. ಆದರೆ ಕಾಫಿ ಬೆಳೆಯುವ ಸೀಮೆಯವರೇ ಒಳ್ಳೆಯ ಕಾಫಿಯನ್ನು ಕುಡಿಯುತ್ತಿದ್ದರೆಂದು ಭಾವಿಸಬಾರದು. ಉತ್ತಮ ಬೀಜಕ್ಕೆ ಹೊರದೇಶದಲ್ಲಿ ಬೆಲೆಯಿದ್ದುದರಿಂದ ಅದು ಹಡಗನ್ನು ಹತ್ತುತ್ತಿದ್ದಿತು. ಮುಂದೆ ಪೇಟೆಯು ಕುಸಿಯಲು, 1935ರ ಕಾಫಿ ಸೆಸ್ ಕಾಯಿದೆಯಂತೆ ಏರ್ಪಟ್ಟ ಸಮಿತಿಯು ನಾಡಿನೊಳಗೇ ಕಾಫಿಯ ರುಚಿಯನ್ನು ಹಬ್ಬಿಸಬೇಕೆಂದು 1936ರಲ್ಲಿ ಮುಂಬಯಿಯಲ್ಲಿ ‘ಇಂಡಿಯಾ ಕಾಫಿ ಹೌಸ್’ ಎಂಬುದನ್ನು ತೆರೆಯಿತು. 1940ರ ದಶಕದಲ್ಲಿ ಇಂತಹವು ದೇಶದಲ್ಲಿ ಐವತ್ತರ ಹತ್ತಿರಕ್ಕೆ ಬೆಳೆದವು. ಇವು ಒಂದು ಬಗೆಯ ಜಾಹೀರಾತುಗಳೇ. ಆದರೆ ಗೋಡೆಗೆ ಬರೆದ ಜಾಹೀರಾತಲ್ಲ, ಬಟ್ಟಲಿಗೆ ಬಗ್ಗಿಸಿದ ಜಾಹೀರಾತು. ಹೇಳಿದ ವಸ್ತುವನ್ನೇ ಕೊಡುವುದು ಅವುಗಳ ಉದ್ದೇಶವಾಗಿದ್ದಿತು. ಐವತ್ತರ ದಶಕದ ನಡುವೆ ಕಾಫಿ ಬೋರ್ಡು ಅವುಗಳನ್ನು ಮುಚ್ಚಹೊರಟಾಗ ಕೆಲಸ ಕಳೆದುಕೊಳ್ಳಲಿದ್ದ ಪರಿಚಾರಕರು ಎ. ಕೆ. ಗೋಪಾಲನ್ನರ ನೆರವಿನಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು ಬೆಂಗಳೂರಿನಲ್ಲಿ 1957ರ ಆಗಸ್ಟ್ 19ರಂದು ಆರಂಭವಾಯಿತು.

ಇದೇ ಕಾಲದಲ್ಲಿ ಬೆಳೆಗಾರನ ಅಂಗಳದಲ್ಲಿ ಒಂದು ವಿಚಿತ್ರವು ನಡೆಯಿತು. ಎರಡನೆಯ ಮಹಾಯುದ್ಧದಿಂದ ಯೂರೋಪಿನ ಪೇಟೆಯು ಮುಚ್ಚಿಹೋಗಲು, 1940ರಲ್ಲಿ ಆರಂಭವಾಗಿ 1942ರ ಕಾಯಿದೆಯಿಂದ ಗಟ್ಟಿಯಾದ ಏರ್ಪಾಡಿನಂತೆ ಬೆಳೆಗಾರನು ತನ್ನ ಕಾಫಿಯನ್ನೆಲ್ಲ ಒಂದು ಸಾಮಾನ್ಯ ರಾಶಿಗೆ ಒಪ್ಪಿಸಬೇಕಾಯಿತು. ಅದಕ್ಕೆ ‘ಪೂಲ್’ ಎಂದು ಹೆಸರು. ಮನೆಯ ಖರ್ಚಿಗೂ ಬಿತ್ತನೆಗೂ ಇಷ್ಟೆಂದು ಗೊತ್ತುಪಡಿಸಿದುದನ್ನು ಮಾತ್ರ ಅವನು ಉಳಿಸಿಕೊಳ್ಳಬಹುದಾಗಿದ್ದಿತು. ಹಣವು ಕಂತುಕಂತಾಗಿ ಬರುತ್ತಿದ್ದಿತು. ಬೆಲೆಯು ನೆಲಕಚ್ಚಿದ್ದ ದಿನಗಳಲ್ಲಿ ಈ ಏರ್ಪಾಡು ಸಣ್ಣ ಬೆಳೆಗಾರನ ಜೀವವನ್ನು ಉಳಿಸಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದು ಯುದ್ಧದೊಡನೆ ಮುಗಿಯದೆ ಅರ್ಧಶತಮಾನ ನಡೆಯಿತು. ಅದರ ಫಲವನ್ನು ದೋಣಿಗಲ್ಲಿನಂತಹ ಊರಿನಲ್ಲಿ ನಿಂತು ನೋಡಬೇಕು. ತೋಟಕ್ಕೂ ಹೋಟೆಲಿಗೂ ನಡುವೆ ಒಂದು ಬೇಲಿ ಮಾತ್ರವಿದ್ದರೂ ಬೇಲಿಯಾಚೆಯ ಬೀಜವನ್ನು ಈಚೆಗೆ ಮಾರುವುದು ಅಪರಾಧ. ಕಣದಲ್ಲಿ ಒಣಗಿದ ಬೀಜವು ಸಂಸ್ಕರಣದ ಕಾರ್ಖಾನೆಗೆ ಹೋಗಿ, ದರ್ಜೆಗಳಾಗಿ ವಿಂಗಡವಾಗಿ, ಹರಾಜಿನಲ್ಲಿ ವರ್ತಕನ ಪಾಲಾಗಿ, ಹುರಿಯುವವನ ಒಲೆಯನ್ನು ಕಂಡು, ಗುಜರಾತಿನಿಂದಲೋ ಉತ್ತರಪ್ರದೇಶದಿಂದಲೋ ಬಂದ ಚಿಕೋರಿಯನ್ನು ಕೂಡಿಕೊಂಡು, ಪುಡಿಯಾಗಿ ತನ್ನ ಬೆಟ್ಟಕ್ಕೆ ಮರಳುತ್ತಿದ್ದಿತು. ಹೆರಿಗೆಮನೆಯಿಂದ ಹೋದ ಮಗುವು ಪರರ ಹೆಸರನ್ನಿಟ್ಟುಕೊಂಡು ತವರಿಗೆ ಬಂದಂತೆ ಎನ್ನಬೇಕು.

ಕಾನೂನು ಈ ಮಿಶ್ರಣಕ್ಕೆ ಒಂದು ಮೇರೆಯನ್ನು ಹಾಕಿತು. 1954ರ ಆಹಾರ ಕಲಬೆರಕೆ ನಿಷೇಧ ಕಾಯಿದೆಯು 1955ರ ಜೂನ್ 1ರಿಂದ ಜಾರಿಗೆ ಬಂದಿತು. 2006ರ ಆಹಾರ ಸುರಕ್ಷತಾ ಕಾಯಿದೆಯು ಮುಂದೆ ಅದರ ಸ್ಥಾನಕ್ಕೆ ಬಂದಿತು. ಈಗಿನ ನಿಯಮದಂತೆ ಮಿಶ್ರಣದಲ್ಲಿ ನೂರಕ್ಕೆ 51 ಪಾಲಾದರೂ ಕಾಫಿಯಿರಬೇಕು. ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಅಚ್ಚುಮಾಡಬೇಕು. ಹುರಿದ ಶುದ್ಧ ಕಾಫಿಪುಡಿಯಲ್ಲಿ ಕೆಫೀನು ನೂರಕ್ಕೆ ಒಂದು ಪಾಲಿಗೆ ಕಡಿಮೆಯಾಗಬಾರದು, ಮಿಶ್ರಣಕ್ಕಾದರೋ 0.6 ಸಾಕು. ಹೋಟೆಲಿನವನಿಗೆ ಚಿಕೋರಿಯ ಮೇಲೆ ಏಕೆ ಒಲವೆಂಬುದನ್ನೂ ಈ ನಿಯಮಗಳ ಅಂಕಿಗಳೇ ತಿಳಿಸುವುವು. ಹುರಿದ ಕಾಫಿಯಲ್ಲಿ ನೀರಿಗಿಳಿಯುವ ಸಾರವು ನೂರಕ್ಕೆ 26ರಿಂದ 35. ಹುರಿದ ಚಿಕೋರಿಯಲ್ಲಿ ಅದು 55ಕ್ಕೆ ಕಡಿಮೆಯಿಲ್ಲ. ಅಂದರೆ ಅಗ್ಗವಾದ ಬೇರು ದುಬಾರಿಯಾದ ಬೀಜಕ್ಕಿಂತ ಹೆಚ್ಚು ಕಪ್ಪನ್ನೂ ಹೆಚ್ಚು ಮಂದವನ್ನೂ ಕೊಡುವುದು. ಗಿರಾಕಿಯು ಕಪ್ಪನ್ನು ನೋಡಿ ‘ಸ್ಟ್ರಾಂಗ್’ ಎಂದು ಮೆಚ್ಚುವನು. ಮೊದಲ ಡಿಕಾಕ್ಷನ್ ಇಳಿದ ಮೇಲೆ ಅದೇ ಪುಡಿಗೆ ಮತ್ತೆ ನೀರೆರೆದು ಎರಡನೆಯದನ್ನು ಇಳಿಸುವ ಕಡೆಗಳಲ್ಲಿಯೂ ಬಣ್ಣವನ್ನು ಕಾಪಾಡುವುದು ಈ ಬೇರೇ. ಹಾಲಿಗೆ ನೀರು ಬಿದ್ದಿದ್ದರೆ ಅದನ್ನು ಮರೆಸುವುದೂ ಇದೇ.

ಚಿಕೋರಿಯು ವಿಷವಲ್ಲ. ಅದನ್ನು ಬಯಸಿ ಕುಡಿಯುವವರು ಫ್ರಾನ್ಸಿನಲ್ಲಿಯೂ ಉಂಟು, ಮೈಸೂರು ಸೀಮೆಯ ಮನೆಗಳಲ್ಲಿಯೂ ಉಂಟು. ನೂರಕ್ಕೆ ಹತ್ತಿಪ್ಪತ್ತು ಪಾಲು ಸೇರಿದರೇ ಹದವೆಂಬುದು ಹಲವು ಗೃಹಿಣಿಯರ ಮತ. ಹುಣಿಸೆಯ ಬೀಜ, ಖರ್ಜೂರದ ಬೀಜಗಳನ್ನು ಹುರಿದು ಬೆರಸುವ ಕಲಬೆರಕೆಯ ಸಾಲಿನಲ್ಲಿ ಇದನ್ನು ನಿಲ್ಲಿಸುವುದು ಅನ್ಯಾಯ. ದೋಷವಿರುವುದು ಬೇರಿನಲ್ಲಲ್ಲ, ಮೌನದಲ್ಲಿ. ಪೊಟ್ಟಣವು ಅಡಿಗೆಮನೆಯಲ್ಲಿ ಉಳಿಯುವುದು. ಅದರ ಮೇಲಿನ ಅಂಕಿಗಳನ್ನು ಓದುವವನು ಅಡಿಗೆಯವನೊಬ್ಬನೇ. ಹಣ ತೆತ್ತು ಕುಡಿಯುವವನ ಕಣ್ಣಿಗೆ ಬೀಳುವುದು ಹೊರಗಿನ ಫಲಕ ಮಾತ್ರ. ಫಲಕದ ಮೇಲೆ ಇರುವುದಾದರೂ ‘ಕಾಫಿ’ ಎಂಬ ಎರಡೇ ಅಕ್ಷರ. ದಾರಿತಪ್ಪಿಸುವ ಜಾಹೀರಾತಿಗೆ 2006ರ ಕಾಯಿದೆಯು ಹತ್ತು ಲಕ್ಷ ರೂಪಾಯಿಗಳವರೆಗೆ ದಂಡವನ್ನು ವಿಧಿಸುವುದುಂಟು. ಆದರೆ ‘ಶುದ್ಧ’ ಎಂದೋ ‘ಅಪ್ಪಟ’ ಎಂದೋ ಬರೆಯದ ಫಲಕವನ್ನು ಸುಳ್ಳೆಂದು ಸಾಧಿಸುವುದು ಹೇಗೆ? ಇಡಿಯ ಊರೇ ಆ ಫಲಕಕ್ಕೆ ಸಾಕ್ಷಿಯಾಗಿ ನಿಂತಿದೆ. ಗಿಡಗಳು ನಿಂತಿವೆ, ಮಂಜು ನಿಂತಿದೆ. ಹೋಟೆಲಿನವನು ಬಾಯಿಬಿಟ್ಟು ಏನನ್ನೂ ಹೇಳಬೇಕಾಗಿಲ್ಲ.

ಬೆಲೆಯ ಮಾತನ್ನೂ ಮರೆಯುವಂತಿಲ್ಲ. ಗಿರಾಕಿಗೆ ಅಗ್ಗವೂ ಬೇಕು, ಅಪ್ಪಟವೂ ಬೇಕು. ಬೆಂಗಳೂರಿನಲ್ಲಿ 1924ರಲ್ಲಿ ‘ಬ್ರಾಹ್ಮಣರ ಕಾಫಿ ಕ್ಲಬ್’ ಎಂದು ಆರಂಭವಾಗಿ, ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾದ ಹೋಟೆಲಿನ ಪ್ರಸಂಗವು ಇಲ್ಲಿ ನೆನೆಯತಕ್ಕುದು. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರಕಾರವು ಹೋಟೆಲಿನ ತಿಂಡಿಗಳಿಗೆ ಕಡಿಮೆ ಬೆಲೆಯನ್ನು ಕಟ್ಟಿದಾಗ, ಅದು ಪದಾರ್ಥದ ಗುಣವನ್ನು ಇಳಿಸದೆ, ದಿನದಿನದ ನಷ್ಟವನ್ನು ಬಾಗಿಲಿನ ಹೊರಗೆ ಫಲಕದ ಮೇಲೆ ಬರೆದು ತೂಗಹಾಕುತ್ತಿದ್ದಿತೆಂದೂ ಕೊನೆಗೆ ಕೆಲವು ಕಾಲ ಬಾಗಿಲನ್ನು ಮುಚ್ಚಿತೆಂದೂ ಹೇಳುವರು. ಹೋಟೆಲಿನ ಫಲಕವೊಂದು ತನಗೆ ಬೇಡವಾದ ನಿಜವನ್ನು ಹೇಳಿದ ಉದಾಹರಣೆಗಳು ವಿರಳ.

ಪೂಲಿನ ಕಟ್ಟು 1992ರಿಂದ ಸಡಿಲವಾಗುತ್ತ 1996ರಲ್ಲಿ ಪೂರ್ತಿ ಬಿಚ್ಚಿತು. ಬೇಲಿಯಾಚೆಯ ಬೀಜವು ಈಚೆಗೆ ಬರಲು ಈಗ ಯಾವ ಅಡ್ಡಿಯೂ ಇಲ್ಲ. ಆದರೂ ಹಾಸನ ಜಿಲ್ಲೆಯ ಕಾಫಿಗೆ ತನ್ನ ಹೆಸರೇ ಇನ್ನೂ ದೊರೆತಿಲ್ಲವೆನ್ನಬಹುದು. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ವಯನಾಡು, ಅರಕು ಎಂಬ ಐದು ಸೀಮೆಗಳ ಕಾಫಿಗೆ ಭೌಗೋಳಿಕ ಗುರುತು ದೊರೆತಾಗ ಮಂಜ್ರಾಬಾದಿನ ಬೆಟ್ಟಗಳು ಆ ಪಟ್ಟಿಯಲ್ಲಿರಲಿಲ್ಲ.

ಲೋಟದಲ್ಲಿ ಅಡಗಿದುದನ್ನು ಮನೆಯಲ್ಲಿ ಕಂಡುಹಿಡಿಯಲು ಹ್ಯಾಸಲ್‌ನ ಸೂಕ್ಷ್ಮದರ್ಶಕವು ಬೇಕಾಗಿಲ್ಲ. ಒಂದು ಗಾಜಿನ ಲೋಟದ ತಣ್ಣೀರಿನ ಮೇಲೆ ಒಂದು ಚಮಚ ಪುಡಿಯನ್ನು ಉದುರಿಸಿದರೆ, ಎಣ್ಣೆಯ ಅಂಶವುಳ್ಳ ಕಾಫಿಯು ಮೇಲೆ ತೇಲುವುದು. ಚಿಕೋರಿಯು ಕೆಲವೇ ನಿಮಿಷಗಳಲ್ಲಿ ಕೆಂಗಂದು ಎಳೆಗಳನ್ನು ಬಿಡುತ್ತ ತಳಕ್ಕಿಳಿಯುವುದು. ಪುಡಿ ಮಾರುವ ಅಂಗಡಿಯಲ್ಲಿಯಂತೂ ಈ ಪರೀಕ್ಷೆಯೂ ಬೇಡ. ಅಲ್ಲಿ ಬೀಜವನ್ನು ಕಣ್ಣೆದುರಿಗೆ ಅರೆಯುವಾಗ ಅಂಗಡಿಯವನೇ ಚಿಕೋರಿ ಎಷ್ಟು ಹಾಕಲೆಂದು ಕೇಳುವನು. ಕೊಳ್ಳುವವರು ಎಂಬತ್ತು ಇಪ್ಪತ್ತೆಂದೋ, ಬೆರಕೆಯೇ ಬೇಡವೆಂದೋ ಹೇಳುವರು. ಹಾಗೆ ಹೇಳಿ ಪುಡಿಯನ್ನು ಕಟ್ಟಿಸಿಕೊಂಡವರೇ ಪಕ್ಕದ ಹೋಟೆಲಿನಲ್ಲಿ ಕುಳಿತಾಗ ಸಕ್ಕರೆ ಕಡಿಮೆಯಿರಲೆಂದು ಮಾತ್ರ ಹೇಳಿ ಸುಮ್ಮನಾಗುವರು.