ತಾನೇ ಸಜ್ಜಾಗುವ ಸರ್ವರ್

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ರೈತರಿಗೆ ಸರ್ವರ್ ಎಂಬ ಯಂತ್ರದ ಬಿಸಿ ತಟ್ಟಿದ್ದು ಉತಾರದ, ಅಂದರೆ ಪಹಣಿಯ, ಮೂಲಕ. ತಲಾಠಿಯ ಕೈಬರಹದ ಬದಲು ಕಂಪ್ಯೂಟರಿನಲ್ಲಿ ಮುದ್ರಿಸಿದ ಪಹಣಿ ಕೊಡುವ ಭೂಮಿ ಯೋಜನೆ ಮದ್ದೂರು ತಾಲ್ಲೂಕಿನಲ್ಲಿ ಪ್ರಯೋಗಗೊಂಡು, 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳನ್ನೂ ತಲುಪಿತು. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು; ಪ್ರತಿಯೊಂದಕ್ಕೆ ಆಗ 15 ರೂಪಾಯಿ. ರೈತನ ಕಡೆಗೆ ತಿರುಗಿಸಿಟ್ಟ ಎರಡನೇ ಪರದೆ, ಸಿಬ್ಬಂದಿಯ ಬೆರಳ ಗುರುತಿನ ಲಾಗಿನ್ ಇವೆಲ್ಲ ಸಾಕಷ್ಟು ಚರ್ಚೆಯಾಗಿವೆ. ಅವುಗಳ ಬುಡದಲ್ಲಿದ್ದ ಇನ್‌ಸ್ಟಲೇಶನ್, ಅಂದರೆ ತಂತ್ರಾಂಶ ಕೂರಿಸುವ ಕೆಲಸಕ್ಕೂ ಅಷ್ಟೇ ಗಮನ ಸಲ್ಲಬೇಕು.

ಆಗ ದತ್ತಾಂಶ ಆಯಾ ತಾಲ್ಲೂಕಿನಲ್ಲೇ ಇರುತ್ತಿತ್ತು. ಪ್ರತಿ ಸರ್ವರ್‌ನಲ್ಲೂ ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ಕನ್ನಡ ತಂತ್ರಾಂಶ, ಕೊನೆಗೆ ಭೂಮಿ ತಂತ್ರಾಂಶ ಕೂರಬೇಕಿತ್ತು. ಇನ್‌ಸ್ಟಾಲರ್ ಎದುರಿಗೆ ಕುಳಿತವರನ್ನು ಕೇಳುತ್ತಲೇ ಹೋಗುತ್ತದೆ: ಡಿಸ್ಕ್ ಹೇಗೆ ಪಾಲು ಮಾಡಲಿ, ಯಾವ ಭಾಷೆ, ಪಾಸ್‌ವರ್ಡ್ ಏನು? ಹಾನಗಲ್ಲದಲ್ಲಿ ಒಂದು ಉತ್ತರ, ಸವಣೂರಿನಲ್ಲಿ ಮತ್ತೊಂದು ಕೊಟ್ಟರೆ ಎರಡೂ ಸರ್ವರ್ ನೋಡಲು ಒಂದೇ, ಒಳಗೆ ಬೇರೆ. ಆರು ತಿಂಗಳ ನಂತರ ಒಂದು ಕೆಟ್ಟಾಗ, ಅಂದು ಕೊಟ್ಟ ಉತ್ತರ ಯಾರಿಗೂ ನೆನಪಿರುವುದಿಲ್ಲ.

ಇದಕ್ಕೆ ಮದ್ದು ಅಷ್ಟರಲ್ಲೇ ಬೇರೆಡೆ ಸಿದ್ಧವಾಗಿತ್ತು. 1990ರ ದಶಕದಲ್ಲಿ ಸನ್ ಕಂಪನಿಯ ಜಂಪ್‌ಸ್ಟಾರ್ಟ್, ರೆಡ್ ಹ್ಯಾಟ್‌ನ ಕಿಕ್‌ಸ್ಟಾರ್ಟ್, ವಿಂಡೋಸ್ ಎನ್‌ಟಿಯ ಉತ್ತರ ಕಡತ ಬಂದವು. 1999ರಲ್ಲಿ ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದ ಥಾಮಸ್ ಲಾಂಗೆ ಡೆಬಿಯನ್ ಲಿನಕ್ಸ್‌ಗಾಗಿ ಎಫ್‌ಎಐ ಎಂಬ ಸಾಧನ ಹೊರತಂದರು. ಮುಂದೆ 2005ರ ಡೆಬಿಯನ್ 3.1ರಲ್ಲಿ ಪ್ರಿಸೀಡ್ ಬಂತು. ಹೆಸರು ಹಲವು, ಉಪಾಯ ಒಂದೇ: ಪ್ರಶ್ನೆಗಳಿಗೆಲ್ಲ ಮೊದಲೇ ಒಂದು ಕಡತದಲ್ಲಿ ಉತ್ತರ ಬರೆದಿಟ್ಟು, ಯಂತ್ರ ಚಾಲೂ ಮಾಡಿ ಬಿಟ್ಟುಬಿಡುವುದು. ಸಮಯದ ಉಳಿತಾಯಕ್ಕಿಂತ ದೊಡ್ಡ ಲಾಭವೆಂದು ನಾನು ಎಣಿಸುವುದು ಬೇರೆ. ಒಬ್ಬ ತಂತ್ರಜ್ಞನ ತಲೆಯಲ್ಲಿದ್ದ ತಿಳಿವಳಿಕೆ ಕಡತವಾಯಿತು. ಆತನಿಗೆ ವರ್ಗವಾದರೂ ಕಚೇರಿಯಲ್ಲೇ ಉಳಿಯಿತು.

ಆದರೆ ತಡೆದು ನಿಲ್ಲಿಸುವವರಿಲ್ಲದ ಕೆಲಸಕ್ಕೆ ಅದರದೇ ಅಪಾಯಗಳಿವೆ. ‘ಮೊದಲ ಡಿಸ್ಕ್ ಅಳಿಸು’ ಎಂದು ಬರೆದಿದ್ದರೆ, ಅದರಲ್ಲಿ ಒಂದು ಊರಿನ ದಾಖಲೆಯೇ ಇದ್ದರೂ ಆದೇಶಗಳ ಆ ಕಡತ, ಅಂದರೆ ಸ್ಕ್ರಿಪ್ಟ್, ಅಳಿಸಿಯೇ ತೀರುತ್ತದೆ. ನಡುವೆ ಕರೆಂಟ್ ಹೋದರೆ ಕೆಲಸ ಅರ್ಧಕ್ಕೆ ನಿಂತು, ಮರುಚಾಲನೆಯಲ್ಲಿ ಅದೇ ಬಳಕೆದಾರನನ್ನು ಎರಡನೇ ಸಲ ಸೃಷ್ಟಿಸಲು ಹೋಗಿ ದೋಷ ತೋರಿಸುತ್ತದೆ. ಎಷ್ಟು ಸಲ ಓಡಿಸಿದರೂ ಫಲಿತಾಂಶ ಒಂದೇ ಆಗಿರಬೇಕೆಂಬ ಶಿಸ್ತು ಬೆಳೆದದ್ದು ಇಂಥ ಪೆಟ್ಟುಗಳಿಂದ. ಆಸ್ಲೋದಲ್ಲಿ ಮಾರ್ಕ್ ಬರ್ಗೆಸ್ 1993ರಲ್ಲೇ ಸಿಎಫ್‌ಎಂಜಿನ್ ಎಂಬ ತಂತ್ರಾಂಶದ ಮೂಲಕ ಈ ದಾರಿ ತೋರಿದ್ದರು. ಪಪೆಟ್ (2005), ಆನ್ಸಿಬಲ್ (2012) ಎಂಬ ಸಾಧನಗಳು ಅದನ್ನು ಜನಪ್ರಿಯಗೊಳಿಸಿದವು. ‘ಇದನ್ನು ಮಾಡು’ ಎನ್ನುವ ಬದಲು ‘ಸರ್ವರ್ ಹೀಗಿರಬೇಕು’ ಎಂದು ಬರೆದರೆ, ಕೊರತೆಯಿದ್ದಷ್ಟನ್ನು ಮಾತ್ರ ಅವು ಪೂರೈಸುತ್ತವೆ.

ಮುಂದೆ ಪಹಣಿಯ ದತ್ತಾಂಶ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರ ಸೇರಿತು. ಹಾಗೆಂದು ತಾಲ್ಲೂಕಿನಲ್ಲಿ ಇನ್‌ಸ್ಟಲೇಶನ್ ಕೆಲಸ ಮುಗಿಯಲಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಹಳ್ಳಿಯ ಸೊಸೈಟಿಗೂ ಈಗ ಕಂಪ್ಯೂಟರ್, ಪ್ರಿಂಟರ್, ಬೆರಳ ಗುರುತು ಓದುವ ಯಂತ್ರ ಬೇಕು. ನೆಟ್ ನಿಧಾನವಿರುವಲ್ಲಿ ಪ್ರತಿ ಯಂತ್ರವೂ ಅದೇ ತಂತ್ರಾಂಶ ಪ್ಯಾಕೇಜನ್ನು ಹೊರಗಿನಿಂದ ಇಳಿಸಿಕೊಳ್ಳುವುದು ದಂಡ. ಒಂದು ಪೆನ್‌ಡ್ರೈವ್‌ನಲ್ಲಿ ಪ್ಯಾಕೇಜುಗಳ ಪ್ರತಿಯಿಟ್ಟು ಸ್ಕ್ರಿಪ್ಟನ್ನು ಅದರತ್ತ ತಿರುಗಿಸಿದರೆ ಸಾಕು.

ಸ್ಕ್ರಿಪ್ಟಿನ ಕೊನೆಯಲ್ಲಿ ಒಂದು ಪರೀಕ್ಷೆಯಂತೂ ಕಡ್ಡಾಯವಾಗಬೇಕು. ‘ಶಿಗ್ಗಾವಿ’ ಎಂದು ಡೇಟಾಬೇಸಿಗೆ ಬರೆದು, ಮತ್ತೆ ಓದಿ, ಮುದ್ರಿಸಿ ನೋಡಬೇಕು. ಅಕ್ಷರ ಸಂಕೇತ ಯೂನಿಕೋಡ್ ಆಗಿರದಿದ್ದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಫಾಂಟ್ ಇಲ್ಲದಿದ್ದರೆ ಖಾಲಿ ಚೌಕಗಳು. ಇಂಗ್ಲಿಷ್ ಹೆಸರು ಹಾಕಿ ಪರೀಕ್ಷಿಸಿದ ಸರ್ವರ್‌ನಲ್ಲಿ ಈ ದೋಷ ಬಯಲಾಗುವುದು ಮೊದಲ ರೈತ ಬಂದು ಕಿಟಕಿಯ ಮುಂದೆ ನಿಂತಾಗಲೇ.