ಕಿರಿಯರ ಐಸ್ ಹಾಕಿಯಲ್ಲಿ ಕ್ರೀಡಾಧರ್ಮವೂ ಆಟಗಾರನ ಸಾಧನೆಯೂ: ಪಿಯೆಶ್ಟ್ಯಾನಿ ಪ್ರಕರಣದ ಒಂದು ಪರಾಮರ್ಶೆ

೧

ಗೆಲ್ಲಬೇಕೆಂಬ ಹಂಬಲಕ್ಕೂ ನ್ಯಾಯವರಿತು ಆಡಬೇಕೆಂಬ ಕಟ್ಟಳೆಗೂ ನಡುವೆ ಏಳುವ ವಿವಾದವು ಇಂದು ನಿನ್ನೆಯದಲ್ಲ. ಕುರುಕ್ಷೇತ್ರದ ಕಡೆಯಲ್ಲಿ ದುರ್ಯೋಧನನ ತೊಡೆಗೆ ಬಿದ್ದ ಗದೆಯ ಪೆಟ್ಟನ್ನು ಕಂಡು ಬಲರಾಮನು ನೇಗಿಲನ್ನೆತ್ತಿಕೊಂಡು ಸಿಡಿದೆದ್ದನೆಂಬ ಕಥೆಯನ್ನು ಬಲ್ಲ ನಮ್ಮ ಜನಕ್ಕೆ, ಗೆಲವು ಒಂದು, ಗೆದ್ದ ಬಗೆ ಇನ್ನೊಂದು ಎಂಬ ವಿವೇಕವನ್ನು ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಆದರೆ ಆಧುನಿಕ ಕ್ರೀಡೆಯಲ್ಲಿ, ಅದರಲ್ಲಿಯೂ ಇನ್ನೂ ಮೀಸೆ ಮೂಡದ ಹುಡುಗರು ತಂತಮ್ಮ ರಾಷ್ಟ್ರಗಳ ಲಾಂಛನವನ್ನು ಎದೆಯ ಮೇಲೆ ಧರಿಸಿ ಆಡುವ ಕ್ರೀಡೆಯಲ್ಲಿ, ಈ ವಿವಾದವು ಬೇರೊಂದು ರೂಪವನ್ನು ತಾಳುತ್ತದೆ: ಸೌಜನ್ಯವೆಂಬುದು ಸಾಧನೆಗೆ ಅಡ್ಡಿಯೆ, ಆಸರೆಯೆ, ಅಥವಾ ಅದಕ್ಕೆ ಸಂಬಂಧಪಡದ ಬರಿಯ ಅಲಂಕಾರವೆ ಎಂಬುದೇ ಆ ರೂಪ.

ಈ ಪ್ರಶ್ನೆಯ ಪರೀಕ್ಷೆಗೆ ಐಸ್ ಹಾಕಿಯಷ್ಟು ತಕ್ಕ ಕ್ಷೇತ್ರವು ಬೇರೊಂದಿಲ್ಲವೆಂದರೆ ತಪ್ಪಾಗದು. ಹಾಕಿ ಎಂದೊಡನೆ ಕೊಡಗಿನ ಮೈದಾನಗಳನ್ನು ನೆನೆಯುವ ಕನ್ನಡ ವಾಚಕರಿಗೆ ಇದು ಅಪರಿಚಿತವಾದ ಆಟ. ಗೋಲುರಕ್ಷಕನೂ ಸೇರಿ ಪಕ್ಷಕ್ಕೆ ಆರು ಮಂದಿ, ಕಾಲಿಗೆ ಸ್ಕೇಟು, ಕೈಯಲ್ಲಿ ಸ್ಟಿಕ್ಕು, ಚೆಂಡಿಗೆ ಬದಲಾಗಿ ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ, ಇಪ್ಪತ್ತಿಪ್ಪತ್ತು ನಿಮಿಷಗಳ ಮೂರು ಅವಧಿ; ಇವಿಷ್ಟೂ ಹೊರಗಿನ ಲಕ್ಷಣಗಳು. ಒಳಗಿನ ಲಕ್ಷಣವೆಂದರೆ, ಪಕ್ಕನ್ನು ಒಯ್ಯುತ್ತಿರುವ ಎದುರಾಳಿಯನ್ನು ಮೈಯಿಂದ ಗುದ್ದಿ ತಡೆಯುವುದು, ಬಾಡಿ ಚೆಕಿಂಗ್ ಎಂದು ಆಟಗಾರರು ಕರೆಯುವ ಆ ಕ್ರಿಯೆ, ಇಲ್ಲಿ ನಿಯಮಬದ್ಧವಾದುದು. ಹೀಗೆ ನ್ಯಾಯವಾದ ಗುದ್ದಿಗೂ ಅನ್ಯಾಯವಾದ ಗುದ್ದಿಗೂ ನಡುವಣ ಅಂತರವು ಕೆಲವೊಮ್ಮೆ ಒಂದು ಕ್ಷಣದ, ಒಂದು ಗೇಣಿನ ಅಂತರವಾಗಿಬಿಡುವುದರಿಂದ, ಆಟಗಾರನ ಸಂಯಮವು ಇತರ ಕ್ರೀಡೆಗಳಲ್ಲಿರುವುದಕ್ಕಿಂತ ಹೆಚ್ಚು ತೀಕ್ಷ್ಣವಾದ ಪರೀಕ್ಷೆಗೆ ಒಳಗಾಗುತ್ತದೆ.

ಪ್ರಸ್ತುತ ಲೇಖನದ ಪ್ರತಿಪಾದನೆಯನ್ನು ಮೊದಲೇ ಹೇಳಿಬಿಡುವುದು ಲೇಸು. ಕ್ರೀಡಾಧರ್ಮವು ಆಟಗಾರನ ಅಂತಃಕರಣದ ಗುಣವೆಷ್ಟೋ, ಆಟವನ್ನು ನಡೆಸುವ ಹಿರಿಯರು ಅಂಕಗಳನ್ನು ಎಣಿಸುವ ಕ್ರಮದ ಫಲವೂ ಅಷ್ಟೆ. ಆ ಕ್ರಮವು ಸಂಯಮಕ್ಕೆ ಬೆಲೆ ಕಟ್ಟಿದಲ್ಲಿ, ಸಾಧನೆಯು ಕುಂದುವುದೆಂದು ನಂಬಲು ಆಧಾರವಿಲ್ಲ.

೨

೧೯೮೭ರ ಜನವರಿ ೪ರಂದು, ಆಗ ಜೆಕೊಸ್ಲೊವಾಕಿಯಾಕ್ಕೆ ಸೇರಿದ್ದು ಈಗ ಸ್ಲೊವಾಕಿಯಾಕ್ಕೆ ಸೇರಿರುವ ಪಿಯೆಶ್ಟ್ಯಾನಿ ಎಂಬ ಊರಿನಲ್ಲಿ, ಇಪ್ಪತ್ತು ವರ್ಷಕ್ಕಿಂತ ಕೆಳಗಿನವರ ವಿಶ್ವ ಪಂದ್ಯಾವಳಿಯ ಕೊನೆಯ ದಿನ, ಕೆನಡಾ ಮತ್ತು ಸೋವಿಯತ್ ತಂಡಗಳು ಎದುರುಬದುರಾದುವು. ಅಂದಿನ ಪಂದ್ಯಾವಳಿಯಲ್ಲಿ ಅಂತಿಮ ಪಂದ್ಯವೆಂಬುದಿರಲಿಲ್ಲ. ಎಲ್ಲ ತಂಡಗಳೂ ಪರಸ್ಪರ ಆಡಿ ಗಳಿಸಿದ ಅಂಕಗಳ ಮೇಲೆ, ಅಂಕಗಳು ಸಮವಾದಲ್ಲಿ ಗೋಲುಗಳ ಅಂತರದ ಮೇಲೆ, ಪದಕಗಳು ನಿರ್ಧಾರವಾಗುತ್ತಿದ್ದುವು. ಕೆನಡಾಕ್ಕೆ ಕಂಚು ಆಗಲೇ ಖಚಿತವಾಗಿತ್ತು, ಗೆದ್ದರೆ ಬೆಳ್ಳಿ, ಚಿನ್ನ ಬೇಕೆಂದರೆ ಐದು ಗೋಲುಗಳ ಅಂತರದಿಂದ ಗೆಲ್ಲಬೇಕಾಗಿತ್ತು. ಸೋವಿಯತ್ ತಂಡವಾದರೋ ಪದಕದ ಆಸೆಯನ್ನು ಆಗಲೇ ಕಳೆದುಕೊಂಡಿತ್ತು. ಒಂದು ಪಕ್ಷಕ್ಕೆ ಗೆಲವು ಸಾಲದು, ಇನ್ನೊಂದು ಪಕ್ಷಕ್ಕೆ ಸೋಲಿನಿಂದ ನಷ್ಟವಿಲ್ಲ. ಈ ಸನ್ನಿವೇಶವನ್ನು ನಿರ್ಮಿಸಿದವರು ಹುಡುಗರಲ್ಲ, ಪಂದ್ಯಾವಳಿಯ ವಿಧಿಗಳನ್ನು ಬರೆದವರು.

ಪಂದ್ಯದ ಮೊದಲ ಗೋಲನ್ನು ಹೊಡೆದ ಕೆನಡಾದ ಥಿಯೊರೆನ್ ಫ್ಲರಿ, ಹಿಮದ ಮೇಲೆ ಮಂಡಿಯೂರಿ ಜಾರುತ್ತ, ತನ್ನ ಸ್ಟಿಕ್ಕನ್ನು ಮೆಷಿನ್ ಗನ್ನಿನಂತೆ ಹಿಡಿದು, ಸೋವಿಯತ್ ಆಟಗಾರರು ಕುಳಿತಿದ್ದ ಬೆಂಚಿನತ್ತ ಗುಂಡು ಹಾರಿಸುವ ನಟನೆ ಮಾಡಿದನು. ಎರಡನೆಯ ಅವಧಿಯಲ್ಲಿ ಕೆನಡಾ ೪–೨ರಿಂದ ಮುಂದಿದ್ದಾಗ ಸೆರ್ಗೆಯ್ ಶೆಸ್ತೆರಿಕೋವ್ ಮತ್ತು ಎವರೆಟ್ ಸನಿಪಾಸ್ ಕೈಕೈ ಮಿಲಾಯಿಸಿದರು. ಪಾವೆಲ್ ಕೊಸ್ತಿಚ್ಕಿನ್ ಎರಡೂ ಕೈಗಳಿಂದ ಸ್ಟಿಕ್ಕು ಬೀಸಿ ಫ್ಲರಿಯನ್ನು ಹೊಡೆದನು. ಎವ್ಗೆನಿ ದವೀದೋವ್ ಬೆಂಚನ್ನು ಬಿಟ್ಟು ಹಿಮಾಂಗಣಕ್ಕೆ ಹಾರಿದನು. ಅಲ್ಲಿಂದಾಚೆಗೆ ಎರಡು ತಂಡಗಳ ಬೆಂಚುಗಳೂ ಬಹುಮಟ್ಟಿಗೆ ಬರಿದಾದುವು. ನಾರ್ವೆಯ ರೆಫರಿ ಹಾನ್ಸ್ ರೋನಿಂಗ್ ಮತ್ತು ಅವರ ಸಹಾಯಕರು ಜಗಳವನ್ನು ಹತೋಟಿಗೆ ತರಲಾರದೆ ಅಂಗಣದಿಂದ ಹೊರನಡೆದರು. ಬೇರೆ ದಾರಿ ಕಾಣದ ವ್ಯವಸ್ಥಾಪಕರು ದೀಪಗಳನ್ನೇ ಆರಿಸಿದರು. ಕತ್ತಲಲ್ಲಿಯೂ ಹೊಡೆದಾಟ ನಿಲ್ಲಲಿಲ್ಲ. ಸುಮಾರು ಇಪ್ಪತ್ತು ನಿಮಿಷಗಳ ಈ ಕಾಳಗದ ಫಲವಾಗಿ ಎರಡೂ ತಂಡಗಳನ್ನು ಪಂದ್ಯಾವಳಿಯಿಂದ ಹೊರಹಾಕಲಾಯಿತು. ಕೈಗೆ ಬಂದಿದ್ದ ಕಂಚನ್ನು ಕೆನಡಾ ಕಳೆದುಕೊಂಡಿತು. ಫಿನ್ಲೆಂಡ್ ತನ್ನ ಮೊತ್ತಮೊದಲ ಚಿನ್ನವನ್ನು ಪಡೆಯಿತು. ಆಟಗಾರರಿಗೆ ಹದಿನೆಂಟು ತಿಂಗಳ ಅಂತಾರಾಷ್ಟ್ರೀಯ ನಿಷೇಧವೂ ತರಬೇತುದಾರರಿಗೆ ಮೂರು ವರ್ಷಗಳ ನಿಷೇಧವೂ ವಿಧಿಸಲ್ಪಟ್ಟುವು. ಆಟಗಾರರ ಶಿಕ್ಷೆಯನ್ನು ಮುಂದೆ ತಗ್ಗಿಸಲಾಯಿತು.

ಇದಾದಮೇಲೆ ನಡೆದದ್ದು ಸಂಶೋಧಕನಿಗೆ ಹೊಡೆದಾಟಕ್ಕಿಂತಲೂ ಹೆಚ್ಚು ಬೋಧಪ್ರದವಾದುದು. ಟೊರಾಂಟೊ ಮೇಪಲ್ ಲೀಫ್ಸ್ ತಂಡದ ಒಡೆಯ ಹೆರಾಲ್ಡ್ ಬ್ಯಾಲರ್ಡ್, ಬಹಿಷ್ಕೃತರಾದ ಕೆನಡಾದ ಹುಡುಗರಿಗಾಗಿ ತಾನೇ ಚಿನ್ನದ ಪದಕಗಳನ್ನು ಮಾಡಿಸಿ ಕೊಟ್ಟನು. ನ್ಯಾಯಮಂಡಲಿಯು ಒಂದು ತೀರ್ಪನ್ನಿತ್ತರೆ, ಸಮಾಜದ ಒಂದು ಪ್ರಬಲವಾದ ಭಾಗವು ಅದಕ್ಕೆ ವಿರುದ್ಧವಾದ ತೀರ್ಪನ್ನಿತ್ತಿತೆಂದು ಅರ್ಥ. ಹದಿಹರೆಯದವನು ಈ ಎರಡರಲ್ಲಿ ಯಾವುದನ್ನು ನಂಬಬೇಕು?

೩

ಆ ದಿನ ಕೆನಡಾದ ಬೆಂಚಿನಲ್ಲಿದ್ದ ಹದಿನೇಳು ವರ್ಷದ ಪಿಯೆರ್ ಟರ್ಜನ್, ಜಗಳಕ್ಕೆ ಇಳಿಯದೆ ಕುಳಿತಲ್ಲಿಯೇ ಕುಳಿತಿದ್ದನು. ಸಂಗಡಿಗರಲ್ಲಿ ಕೆಲವರು ಇದಕ್ಕಾಗಿ ಅವನನ್ನು ಬಹುಕಾಲ ನಿಂದಿಸಿದರು. ಗೋಲುರಕ್ಷಕ ಜಿಮಿ ವೇಟ್ ಕೂಡ ಕೈಯೆತ್ತಲಿಲ್ಲ. ಮುಂದೆ ಏನಾಯಿತು? ಅದೇ ವರ್ಷದ ಜೂನಿನಲ್ಲಿ, ಉತ್ತರ ಅಮೆರಿಕದ ವೃತ್ತಿಪರ ತಂಡಗಳ ನ್ಯಾಷನಲ್ ಹಾಕಿ ಲೀಗಿನ ಆಯ್ಕೆಯಲ್ಲಿ ಟರ್ಜನ್ ಎಲ್ಲರಿಗಿಂತ ಮೊದಲನೆಯವನಾಗಿ ಬಫಲೋ ತಂಡಕ್ಕೆ ಆರಿಸಲ್ಪಟ್ಟನು. ೧೯೯೨–೯೩ರ ಋತುವಿನಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಪರವಾಗಿ ೫೮ ಗೋಲು, ಗೋಲಿಗಿತ್ತ ನೆರವುಗಳೂ ಸೇರಿ ಒಟ್ಟು ೧೩೨ ಪಾಯಿಂಟುಗಳನ್ನು ಗಳಿಸಿ ಲೇಡಿ ಬಿಂಗ್ ಪಾರಿತೋಷಕವನ್ನು ಪಡೆದನು. ೨೦೨೩ರಲ್ಲಿ ಹಾಕಿಯ ಹಾಲ್ ಆಫ್ ಫೇಮಿಗೆ ಸೇರಿದನು. ವೇಟನಾದರೋ ಮರುವರ್ಷವೇ, ಪಂದ್ಯಾವಳಿಯು ಮಾಸ್ಕೋದಲ್ಲಿ ನಡೆದಾಗ, ಸೋವಿಯತ್ ತಂಡವನ್ನು ಅವರ ನೆಲದಲ್ಲಿಯೇ ೩–೨ರಿಂದ ಸೋಲಿಸುವಲ್ಲಿ ಮುಖ್ಯಪಾತ್ರವನ್ನು ವಹಿಸಿ, ಪಂದ್ಯಾವಳಿಯ ಶ್ರೇಷ್ಠ ಗೋಲುರಕ್ಷಕನೆನಿಸಿದನು.

ಲೇಡಿ ಬಿಂಗ್ ಪಾರಿತೋಷಕದ ವಿಧಿಯೇ ನಮ್ಮ ವಿಷಯಕ್ಕೆ ಒಂದು ಸೂತ್ರದಂತಿದೆ. ಕೆನಡಾದ ಗವರ್ನರ್ ಜನರಲ್ಲರ ಪತ್ನಿಯಾಗಿದ್ದ ಆಕೆ ೧೯೨೫ರಲ್ಲಿ ಅದನ್ನು ಕೊಡಮಾಡಿದಾಗ, ಸಭ್ಯ ವರ್ತನೆಯೊಂದೇ ಸಾಲದು, ಉನ್ನತ ಮಟ್ಟದ ಆಟವೂ ಅದರೊಡನೆ ಕೂಡಿರಬೇಕೆಂದು ಗೊತ್ತುಮಾಡಲಾಯಿತು. ಸೌಜನ್ಯವನ್ನು ದುರ್ಬಲರ ಸಮಾಧಾನವನ್ನಾಗಿ ಮಾಡದೆ ಸಮರ್ಥರ ಭೂಷಣವನ್ನಾಗಿ ಮಾಡಿದ್ದು ಈ ವಿಧಿಯ ಹಿರಿಮೆ.

ಇಷ್ಟರಿಂದಲೇ ಸಂಯಮಿಗಳೇ ಸಾಧಕರೆಂದು ಸಿದ್ಧಾಂತ ಮಾಡಿಬಿಡುವುದು ಸಲ್ಲದು. ಜಗಳದ ಕೇಂದ್ರದಲ್ಲಿದ್ದ ಫ್ಲರಿ ಮರುವರ್ಷ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದ ನಾಯಕನಾಗಿದ್ದನು. ಅಂದು ಕಾದಾಡಿದ ತಂಡಗಳಲ್ಲಿದ್ದ ಬ್ರೆಂಡನ್ ಶಾನಹನ್, ಸೆರ್ಗೆಯ್ ಫೆದೊರೊವ್ ಮತ್ತು ವ್ಲಾದಿಮಿರ್ ಕನ್ಸ್ತಾಂತಿನೊವ್ ಹತ್ತು ವರ್ಷಗಳ ತರುವಾಯ, ೧೯೯೭ರಲ್ಲಿ, ಡೆಟ್ರಾಯಿಟ್ ತಂಡದಲ್ಲಿ ಒಂದೇ ಪಕ್ಷದವರಾಗಿ ಲೀಗಿನ ಸ್ಟ್ಯಾನ್ಲಿ ಕಪ್ಪನ್ನು ಗೆದ್ದರು. ಆ ಶಾನಹನ್ನನೇ ೨೦೧೧ರಲ್ಲಿ ಲೀಗಿನ ಆಟಗಾರರ ಸುರಕ್ಷತಾ ವಿಭಾಗದ ಮುಖ್ಯಸ್ಥನಾಗಿ, ಮೇರೆ ಮೀರಿದ ಗುದ್ದುಗಳಿಗೆ ಶಿಕ್ಷೆ ವಿಧಿಸುವ ಸ್ಥಾನದಲ್ಲಿ ಕುಳಿತನು. ಈ ಉದಾಹರಣೆಗಳು ತೋರಿಸುವುದು ಇಷ್ಟನ್ನೇ: ಪ್ರತಿಭೆಯು ಜಗಳದಿಂದ ಹುಟ್ಟಲಿಲ್ಲ, ಜಗಳಕ್ಕೆ ಇಳಿಯದಿದ್ದುದರಿಂದ ಕೆಡಲೂ ಇಲ್ಲ.

೪

ಒರಟುತನವೇ ಫಲಕಾರಿಯೆಂಬ ನಂಬಿಕೆಗೆ ಆಧಾರಗಳು ಇಲ್ಲವೆಂದಲ್ಲ. ಆಕ್ರಮಣಶೀಲರಾದ ಆಟಗಾರರು ಹೆಚ್ಚು ಸಲ ಗೋಲಿನತ್ತ ಪಕ್ಕನ್ನು ಹೊಡೆಯುತ್ತಾರೆಂದು ಕಂಡುಕೊಂಡ ಅಧ್ಯಯನಗಳು ಉಂಟು. ಆದರೆ ಹೆಚ್ಚು ಹೊತ್ತು ಅಂಗಣದಲ್ಲಿರುವ ಆಟಗಾರನಿಗೆ ಗೋಲಿನ ಅವಕಾಶವೂ ತಪ್ಪಿನ ಅವಕಾಶವೂ ಒಟ್ಟಿಗೇ ಹೆಚ್ಚುವುದರಿಂದ, ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳುವುದು ದುಡುಕಾಗುತ್ತದೆ. ಆಟದ ನಿಯಮವಂತೂ ಈ ನಂಬಿಕೆಗೆ ವಿರುದ್ಧವಾಗಿಯೇ ನಿಂತಿದೆ. ಸಣ್ಣ ತಪ್ಪಿಗೂ ಎರಡು ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕೂರಬೇಕು. ಅಷ್ಟು ಹೊತ್ತು ತಂಡದಲ್ಲಿ ಒಬ್ಬನು ಕಡಮೆ. ಪವರ್ ಪ್ಲೇ ಎನ್ನುವ, ಎದುರು ಪಕ್ಷಕ್ಕೆ ಹೀಗೆ ದೊರೆಯುವ ಅವಕಾಶವನ್ನು ಮೇಲುಮಟ್ಟದ ತಂಡಗಳು ಸುಮಾರು ಐದಕ್ಕೊಂದು ಸಲ ಗೋಲಾಗಿ ಪರಿವರ್ತಿಸುತ್ತವೆ. ಒಂದೆರಡು ಗೋಲುಗಳಲ್ಲಿ ತೀರ್ಮಾನವಾಗುವ ಆಟದಲ್ಲಿ ಇದು ಅಲ್ಪವಾದ ದಂಡವಲ್ಲ.

ಹಾಗಿದ್ದರೂ ಹುಡುಗರು ಒರಟುತನವನ್ನು ಕಲಿಯುವುದೇಕೆ? ಕೆನಡಾದ ಸಮಾಜಶಾಸ್ತ್ರಜ್ಞ ಎಡ್ಮಂಡ್ ವಾಜ್ ೧೯೮೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಉತ್ತರವುಂಟು: ಕಿರಿಯ ಆಟಗಾರನು ಮೇಲಿನ ದರ್ಜೆಗಳಿಗೆ ಏರಿದಂತೆಲ್ಲ, ತಂಡದ ಹಿತಕ್ಕಾಗಿ ನಿಯಮವನ್ನು ಮುರಿಯುವುದು ತಪ್ಪಲ್ಲವೆಂದೂ, ತಕ್ಕ ಸಮಯದಲ್ಲಿ ಮುರಿಯಬಲ್ಲವನೇ ಆಯ್ಕೆಗೆ ಯೋಗ್ಯನೆಂದೂ ಆತನಿಗೆ ಮನವರಿಕೆಯಾಗುತ್ತದೆ. ಮರುವರ್ಷ ಮೈಕೆಲ್ ಸ್ಮಿತ್ ಕ್ರೀಡಾಹಿಂಸೆಯನ್ನು ಕುರಿತು ಬರೆದ ಪುಸ್ತಕದಲ್ಲಿಯೂ, ತರಬೇತುದಾರರು, ಸಂಗಡಿಗರು, ತಂದೆತಾಯಿಗಳು ಇವರ ಒಪ್ಪಿಗೆಯೇ ಹುಡುಗನ ವರ್ತನೆಗೆ ಅಳತೆಗೋಲಾಗುವ ವಿಚಾರವು ವಿಸ್ತಾರವಾಗಿ ಬಂದಿದೆ. ಬ್ಯಾಲರ್ಡನ ಪದಕಗಳನ್ನು ಈ ವಿವೇಚನೆಯ ಬೆಳಕಿನಲ್ಲಿ ನೋಡಿದರೆ, ಅವು ಒಬ್ಬ ವಿಚಿತ್ರ ಮನುಷ್ಯನ ಚೇಷ್ಟೆಯಾಗಿ ತೋರದೆ, ಒಂದು ಇಡೀ ಶಿಕ್ಷಣಕ್ರಮದ ಕೊನೆಯ ಪಾಠವಾಗಿ ತೋರುತ್ತವೆ.

೫

ಹಿರಿಯರು ಕಲಿಸಿದ್ದನ್ನು ಹಿರಿಯರೇ ಬಿಡಿಸಬಲ್ಲರೆ ಎಂಬುದನ್ನು ಪರೀಕ್ಷಿಸಿದ ಪ್ರಯತ್ನಗಳು ಅಮೆರಿಕದ ಮಿನ್ನೆಸೋಟಾ ಪ್ರಾಂತದಲ್ಲಿ ನಡೆದುವು. ಅಲ್ಲಿಯ ವೈದ್ಯ ವಿಲಿಯಂ ರಾಬರ್ಟ್ಸ್ ಮತ್ತು ಸಂಗಡಿಗರು ೧೯೯೪ರ ಒಂದು ಕಿರಿಯರ ಪಂದ್ಯಾವಳಿಯನ್ನು ಅಭ್ಯಸಿಸಿ ೧೯೯೬ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅರ್ಹತಾ ಸುತ್ತುಗಳಲ್ಲಿ ಪೆನಾಲ್ಟಿಗಳನ್ನು ಮಿತಿಯಲ್ಲಿಟ್ಟುಕೊಂಡ ತಂಡಕ್ಕೆ ಗೆಲವಿನ ಅಂಕಗಳಲ್ಲದೆ ಬೇರೆ ಅಂಕವನ್ನೂ ಕೊಡಲಾಗುತ್ತಿತ್ತು. ಪದಕದ ಸುತ್ತುಗಳಲ್ಲಿ ಈ ಏರ್ಪಾಡನ್ನು ಕೈಬಿಟ್ಟು ಹಳೆಯ ರೂಢಿಯನ್ನೇ ಅನುಸರಿಸಲಾಯಿತು. ಹಾಗೆ ಕೈಬಿಟ್ಟ ಸುತ್ತುಗಳಲ್ಲಿ ಗಣನೀಯವಾದ ಗಾಯಗಳ ಪ್ರಮಾಣವು ನಾಲ್ಕು ಪಟ್ಟಿಗೂ ಮೀರಿತು. ಪದಕದ ಸುತ್ತಿನಲ್ಲಿ ಆವೇಶವು ತಾನಾಗಿಯೇ ಏರುವುದೆಂಬ ಆಕ್ಷೇಪಣೆ ಒಪ್ಪತಕ್ಕದ್ದೆ. ಆದರೂ ಅಂಕದ ಲೆಕ್ಕ ಬದಲಾದೊಡನೆ ಅದೇ ಹುಡುಗರ ಆಟದ ರೀತಿಯೂ ಬದಲಾದುದನ್ನು ತಳ್ಳಿಹಾಕುವಂತಿಲ್ಲ. ೨೦೦೪ರಿಂದ ಮಿನ್ನೆಸೋಟಾದ ಕಿರಿಯರ ಹಾಕಿಯಲ್ಲಿ ಈ ಬಗೆಯ ಅಂಕವು ಆಚರಣೆಗೆ ಬಂದಿದೆ. ಅಲ್ಲಿಂದ ಮೇಲುಮಟ್ಟಕ್ಕೆ ಏರುವ ಆಟಗಾರರ ಸಾಲು ಇದರಿಂದ ಬತ್ತಿಹೋಗಲಿಲ್ಲ. ಅಮೆರಿಕದ ಹಾಕಿಗೆ ಆಟಗಾರರನ್ನು ಒದಗಿಸುವ ಪ್ರಾಂತಗಳಲ್ಲಿ ಮಿನ್ನೆಸೋಟಾ ಇಂದಿಗೂ ಅಗ್ರಗಣ್ಯವಾಗಿದೆ.

ಬಾಡಿ ಚೆಕಿಂಗ್ ವಿಷಯದಲ್ಲಿ ಪ್ರಮಾಣಗಳು ಇನ್ನೂ ದೃಢವಾಗಿವೆ. ಹನ್ನೊಂದು ಹನ್ನೆರಡು ವಯಸ್ಸಿನವರಿಗೆ ಕೆನಡಾದ ಆಲ್ಬರ್ಟಾದಲ್ಲಿ ಅದಕ್ಕೆ ಅನುಮತಿಯಿದ್ದು ಕ್ವಿಬೆಕಿನಲ್ಲಿ ಇಲ್ಲದಿದ್ದ ಕಾಲದಲ್ಲಿ, ಸಂಶೋಧಕಿ ಕ್ಯಾರೊಲಿನ್ ಎಮೆರಿ ಮತ್ತು ಸಂಗಡಿಗರು ಎರಡು ಪ್ರಾಂತಗಳ ಎರಡು ಸಾವಿರಕ್ಕೂ ಮಿಕ್ಕ ಆಟಗಾರರನ್ನು ಪರಿಶೀಲಿಸಿ, ಆಲ್ಬರ್ಟಾದ ಹುಡುಗರಿಗೆ ಗಾಯದ ಮತ್ತು ಮಿದುಳಿನ ಆಘಾತದ ಅಪಾಯವು ಮೂರು ಪಟ್ಟಿಗೂ ಹೆಚ್ಚೆಂದು ೨೦೧೦ರಲ್ಲಿ ತಿಳಿಸಿದರು. ಬೇಗ ಕಲಿತವರು ಮುಂದೆ ಕ್ಷೇಮವಾಗಿರುತ್ತಾರೆಂಬ ವಾದವನ್ನೂ ಅವರು ಒರೆಗೆ ಹಚ್ಚಿದರು: ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಎರಡು ಗುಂಪುಗಳ ಒಟ್ಟು ಗಾಯಗಳಲ್ಲಿ ವ್ಯತ್ಯಾಸ ಕಾಣಲಿಲ್ಲ, ವಾರಕ್ಕೂ ಮೀರಿ ಆಟದಿಂದ ದೂರವಿರಿಸುವ ಗಾಯಗಳು ಮಾತ್ರ ಬೇಗ ಕಲಿತವರಲ್ಲಿ ಕಡಮೆಯಿದ್ದುವು. ಈ ಕಡೆಯ ಅಂಶವು ವಿರುದ್ಧಪಕ್ಷಕ್ಕೆ ಸಲ್ಲತಕ್ಕದ್ದು. ಆದರೆ ಎಳೆಯರು ಮೊದಲೇ ತೆತ್ತ ಬೆಲೆಯನ್ನು ಅದು ತೀರಿಸಲಾರದು. ೨೦೧೧ರಲ್ಲಿ ಅಮೆರಿಕವೂ ೨೦೧೩ರಲ್ಲಿ ಕೆನಡಾವೂ ಆ ವಯಸ್ಸಿನವರಿಗೆ ಬಾಡಿ ಚೆಕಿಂಗನ್ನು ನಿಷೇಧಿಸಿದುವು. ಗುದ್ದಿನ ಭಯವಿಲ್ಲದೆ ಪಕ್ಕನ್ನು ಆಡಿಸುವುದಕ್ಕೂ, ತಲೆಯೆತ್ತಿ ಅಂಗಣವನ್ನು ನೋಡುವುದಕ್ಕೂ, ಸಂಗಡಿಗನಿಗೆ ಸಾಗಿಸುವುದಕ್ಕೂ ಎಳೆಯರಿಗೆ ಬಿಡುವು ದೊರೆತರೆ ಕೌಶಲವು ಬಲಿಯುವುದೆಂಬುದೂ ಆ ನಿಷೇಧದ ಆಶಯಗಳಲ್ಲೊಂದು.

೬

ಈ ಎಲ್ಲ ಸಾಕ್ಷ್ಯಗಳನ್ನು ಒಟ್ಟುಗೂಡಿಸಿದರೆ ದೊರೆಯುವ ನಿರ್ಣಯವು ಸರಳವಾದುದು. ಅಂತಾರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಪಂದ್ಯಗಳು ಮುಗಿದಾಗ ಎರಡೂ ತಂಡಗಳಲ್ಲಿ ಒಬ್ಬೊಬ್ಬನನ್ನು ಶ್ರೇಷ್ಠ ಆಟಗಾರನೆಂದು ಗೌರವಿಸುವ, ಗೆದ್ದವರ ರಾಷ್ಟ್ರಗೀತೆ ಮುಗಿಯುವವರೆಗೆ ಸೋತವರೂ ಸಾಲಾಗಿ ನಿಂತು ಆಮೇಲೆ ಕೈಕುಲುಕುವ ಸಂಪ್ರದಾಯವು ಚೆಲುವಾದುದು, ಉಳಿಯತಕ್ಕದ್ದು. ಆದರೆ ಪಂದ್ಯವು ಮುಗಿದಮೇಲಿನ ಆಚಾರವು ಪಂದ್ಯದೊಳಗಣ ಆಚಾರವನ್ನು ತಿದ್ದಲಾರದು. ತಿದ್ದಬಲ್ಲುದು ಅಂಕಪಟ್ಟಿ. ೧೯೯೬ರಿಂದ ಕಿರಿಯರ ವಿಶ್ವ ಪಂದ್ಯಾವಳಿಯಲ್ಲಿ ಪದಕಗಳು ನೇರ ಪಂದ್ಯಗಳಿಂದ ತೀರ್ಮಾನವಾಗುತ್ತಿರುವುದು ಸರಿಯಾದ ದಿಕ್ಕಿನಲ್ಲಿಟ್ಟ ಹೆಜ್ಜೆಯೆಂದೇ ಹೇಳಬೇಕು. ಇದರ ಮುಂದಿನ ಹೆಜ್ಜೆಯಾಗಿ, ಪ್ರಾಥಮಿಕ ಸುತ್ತುಗಳಲ್ಲಿ ತಂಡಗಳು ಸಮಾನಾಂಕ ಗಳಿಸಿದಾಗ ಗೋಲುಗಳ ಅಂತರವನ್ನು ನೋಡುವುದಕ್ಕೆ ಮೊದಲು ಪೆನಾಲ್ಟಿ ನಿಮಿಷಗಳನ್ನು ನೋಡುವಂತೆ ವಿಧಿಯನ್ನು ಮಾರ್ಪಡಿಸುವುದು ಯುಕ್ತ; ಇದಕ್ಕೆ ಹೊಸ ವೆಚ್ಚವಿಲ್ಲ, ಹೊಸ ಅಧಿಕಾರಿಗಳು ಬೇಕಿಲ್ಲ, ಬೇಕಾದ ಲೆಕ್ಕವನ್ನು ಒಕ್ಕೂಟವು ಪ್ರತಿ ಪಂದ್ಯದಲ್ಲಿಯೂ ಈಗಾಗಲೇ ಬರೆದಿಡುತ್ತಿದೆ. ಹುಡುಗರಿಗೆ ನೀತಿಯನ್ನು ಬೋಧಿಸುವ ಹಿರಿಯರು ಮೊದಲು ತಮ್ಮ ವಿಧಿಗಳಲ್ಲಿ ಆ ನೀತಿಗೆ ಅಂಕ ಕೊಡಲಿ.